ಗೋವಾದಲ್ಲಿ ಹೊತ್ತ ಗುರ್ಜಿ, ಹಾಲಗುಂಡಿಯಲ್ಲಿ ಬಿದ್ದ ಆಲಿಕಲ್ಲು

ಗೋವಾದ ಕೊರ್ತಾಲಿಮ್‌ನ ಮೀನು ಮಾರುಕಟ್ಟೆಯ ಹಿಂಬದಿಗೆ ಸಾಲಾಗಿ ಕಟ್ಟಿದ, ಒಂದೊಂದೇ ಕೋಣೆಯ ಹನ್ನೆರಡು ಖೋಲಿಗಳಿವೆ. ಏಳನೆಯದರಲ್ಲಿ ಚಂದವ್ವ ಇದ್ದಾಳೆ. ಆಧಾರ್ ಕಾರ್ಡಿನ ಪ್ರಕಾರ ಅವಳಿಗೆ ಐವತ್ತೆಂಟು, ಅವಳ ಲೆಕ್ಕದಲ್ಲಿ ಅರವತ್ತೆರಡು. ಕಾರ್ಡು ಮಾಡಿಸಿದ ದಿನ ಕಂಪ್ಯೂಟರಿನ ಮುಂದೆ ಕೂತವನಿಗೆ ಊಟದ ಹೊತ್ತಾಗಿತ್ತಂತೆ. ಅವನು ಸರಿಯಾಗಿ ಕೇಳಲಿಲ್ಲ, ಇವಳು ತಿದ್ದಲಿಲ್ಲ.

ಚಂದವ್ವನ ಜೀವನ ಬರೆಯುವುದೆಂದರೆ ಬಹುಪಾಲು ಅವಳ ತಲೆಯ ಮೇಲೆ ಏನೇನಿತ್ತು ಎಂದು ಬರೆಯುವುದು. ಮೂವತ್ತು ವರ್ಷದ ಹಿಂದೆ ಗಂಡ ಸೋಮಲಪ್ಪನೊಂದಿಗೆ ಇಂಡಿ ತಾಲೂಕಿನ ಹಾಲಗುಂಡಿಯಿಂದ ಬಂದಾಗ ತಲೆಯ ಮೇಲೆ ರೈಲು ಹಳಿಯ ಜಲ್ಲಿಕಲ್ಲಿತ್ತು. ಆಮೇಲೆ ವೆರ್ಣಾದ ಕಾರ್ಖಾನೆಗಳ ಇಟ್ಟಿಗೆ ಬಂತು, ವಾಸ್ಕೋದ ಬಹುಮಹಡಿ ಮನೆಗಳ ಮರಳು ಬಂತು, ಹೊಸ ಸೇತುವೆ ಕಟ್ಟುವಾಗ ಕೂಲಿಕಾರರ ಅನ್ನದ ಪಾತ್ರೆ ಬಂತು. ಸೋಮಲಪ್ಪ ಸತ್ತ ಮೇಲೆ ಹೊಸ ಭಾರವೇನೂ ಬರಲಿಲ್ಲ, ಇದ್ದದ್ದು ಒಂದು ಇಳಿಯಿತು ಎಂದು ಅವಳೇ ಹೇಳುತ್ತಾಳೆ, ಅವನು ಕುಡಿಯುತ್ತಿದ್ದ. ಈಗ ಅವಳ ಮೊಣಕಾಲು ಬುಟ್ಟಿ ಹೊರಲು ಒಪ್ಪುವುದಿಲ್ಲ. ಹಾಗಾಗಿ ಕೂಲಿಕಾರರ ಮೇಸ್ತ್ರಿ, ಮುಕಾದಮ ಪರಶು ಅವಳಿಗೆ ನೀರು ಹೊಡೆಯುವ ಕೆಲಸ ಕೊಟ್ಟಿದ್ದಾನೆ. ಹೊಸದಾಗಿ ಹಾಕಿದ ಸ್ಲ್ಯಾಬು ಬಿರುಕು ಬಿಡದಂತೆ ಹತ್ತು ದಿನ, ದಿನಕ್ಕೆ ಮೂರು ಸಲ, ಪೈಪು ಹಿಡಿದು ನೆನೆಸಬೇಕು. ಅವಳ ಖೋಲಿಯ ನಳಕ್ಕೆ ಮೇ ತಿಂಗಳಲ್ಲಿ ಮೂರು ದಿನಕ್ಕೊಮ್ಮೆ ನೀರು ಬರುತ್ತದೆ, ಬಂದರೆ. ಸ್ಲ್ಯಾಬಿಗೆ ಮಾತ್ರ ದಿನಾ ಟ್ಯಾಂಕರು ಬರುತ್ತದೆ. ವರ್ಷಕ್ಕೆ ನಾಲ್ಕು ತಿಂಗಳು ಮಳೆಯಲ್ಲಿ ಮುಳುಗಿರುವ ನಾಡಿನಲ್ಲಿ ಮನುಷ್ಯರು ಕೊಡ ಹಿಡಿದು ನಿಲ್ಲುವುದನ್ನೂ ಕಾಂಕ್ರೀಟು ಸ್ನಾನ ಮಾಡುವುದನ್ನೂ ಒಟ್ಟಿಗೆ ನೋಡಬೇಕೆನ್ನುವವರು ಮೇ ತಿಂಗಳಲ್ಲಿ ಕೊರ್ತಾಲಿಮ್‌ಗೆ ಬರಬಹುದು.

ಗೋವಾದಲ್ಲಿ ಚಂದವ್ವನಿಗೆ ಹೆಸರಿಲ್ಲ. ಮುಕಾದಮನಿಗೆ ಅವಳು ‘ಬಾಯಿ’, ಮೀನು ಮಾರುವವರಿಗೆ ಘಟ್ಟದಾಚೆಯಿಂದ ಬಂದ ‘ಘಾಟಿ’. ಹಾಲಗುಂಡಿಯಲ್ಲಿ ಅವಳಿಗೆ ಹೊಲವಿಲ್ಲ, ಇದ್ದ ಒಂದು ಅಂಕಣದ ಮನೆ ಮೈದುನ ಹುಲಿಗೆಪ್ಪನ ದನದ ಕೊಟ್ಟಿಗೆಯಾಗಿದೆ. ಆದರೆ ಅಲ್ಲಿ ಅವಳಿಗೆ ಒಂದು ಪದವಿ ಇದೆ. ಅವಳು ಗುರ್ಜಿ ಮನೆಯ ಹಿರೇಸೊಸೆ.

ಗುರ್ಜಿ ಏನೆಂದು ತಿಳಿಯದವರಿಗಾಗಿ ಹೇಳಬೇಕು. ಮಳೆ ಕೈಕೊಟ್ಟ ವರ್ಷ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚನ್ನು ಬೋರಲು ಹಾಕಿ, ಅದರ ಮೇಲೆ ಸಗಣಿಯಿಂದ ಒಂದು ಗೊಂಬೆ ಮಾಡಿ, ಗರಿಕೆ ಚುಚ್ಚಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಮನೆಯವರು ಹಾಡು ಹೇಳಿ ಮೇಲಿನಿಂದ ನೀರು ಸುರಿಯುತ್ತಾರೆ. ಹೊತ್ತವರು ಗಿರಗಿರನೆ ತಿರುಗುತ್ತಾರೆ, ನೀರು ಸುತ್ತಲೂ ಚಿಮ್ಮುತ್ತದೆ. ಅದನ್ನು ನೋಡಿ ಮೋಡಕ್ಕೆ ತನ್ನ ಕೆಲಸ ನೆನಪಾಗಬೇಕು. ಬೇರೆ ಊರುಗಳಲ್ಲಿ ಯಾರು ಬೇಕಾದರೂ ಹೊರುತ್ತಾರೆ. ಹಾಲಗುಂಡಿಯಲ್ಲಿ ಒಂದೇ ಮನೆಯ ಹಿರೇಸೊಸೆ ಹೊರಬೇಕು. ಅವಳು ಮುತ್ತೈದೆಯೋ ವಿಧವೆಯೋ ಎಂದು ಕೇಳುವ ಪದ್ಧತಿಯಿಲ್ಲ. ಬಾಯಿ ಒಣಗಿದ ಊರು ಅಷ್ಟೆಲ್ಲ ವಿಚಾರಿಸುವುದಿಲ್ಲ. ಹೊತ್ತವಳಿಗೆ ಸಿಗುವುದು ಒಂದು ಕುಬಸದ ಖಣ, ಅರ್ಧ ತೆಂಗಿನಕಾಯಿ, ಮತ್ತು ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಗಂಡಸರ ಸಾಲಿನಲ್ಲಿ ಊಟದ ಮೊದಲ ಎಲೆ. ಈ ಮೂರರಲ್ಲಿ ಚಂದವ್ವನಿಗೆ ಬೇಕಾದದ್ದು ಮೂರನೆಯದು. ಆ ಎಲೆಯ ಮುಂದೆ ಕೂತಾಗ ಊರಿನವರು ಅವಳನ್ನು ಪೂರ್ತಿ ಹೆಸರಿನಿಂದ ಕರೆಯುತ್ತಿದ್ದರು.

ಅವಳು ಕೊನೆಯ ಸಲ ಗುರ್ಜಿ ಹೊತ್ತದ್ದು ಇಪ್ಪತ್ತು ವರ್ಷದ ಹಿಂದೆ. ಅಂದು ಸಂಜೆಯೇ ಮಳೆ ಬಂದು ಊರಿನ ಹೊಂಡ ತುಂಬಿತ್ತು. ಆ ದಿನ ಜೂನ್ ಇಪ್ಪತ್ತನೆಯ ತಾರೀಖು, ಯಾರು ಏನು ಹೊರದಿದ್ದರೂ ಮಳೆ ಬರಬಹುದಾದ ದಿನ ಎಂಬ ಮಾತನ್ನು ಹಾಲಗುಂಡಿಯಲ್ಲಿ ಈವರೆಗೆ ಯಾರೂ ಎತ್ತಿಲ್ಲ.

ಈಚೆಗೆ ಎರಡು ವರ್ಷ ಸರಿಯಾಗಿ ಮಳೆಯಾಗಿರಲಿಲ್ಲ. ಹೊಂಡದ ತಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಚಂದವ್ವ ಊರಲ್ಲಿಲ್ಲವೆಂದು ನೆಗೆಣ್ಣಿ ಜಯಶ್ರೀ, ಅಂದರೆ ಹುಲಿಗೆಪ್ಪನ ಹೆಂಡತಿ, ಮೂರು ಸಲ ಗುರ್ಜಿ ಹೊತ್ತಿದ್ದಳು. ಮೊದಲ ಸಲ ಬಿಸಿಗಾಳಿ ಬಂತು. ಎರಡನೆಯ ಸಲ ಏನೂ ಬರಲಿಲ್ಲ. ಮೂರನೆಯ ಸಲ ತಹಶೀಲ್ದಾರರು ಬಂದು ಬರದ ಫೋಟೋ ತೆಗೆದುಕೊಂಡು ಹೋದರು. ಹೀಗಾಗಿ ಗುಡಿಯ ಕಮಿಟಿಯ ಹಿರಿಯ ನಾನಪ್ಪ ಮೇ ತಿಂಗಳ ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಚಂದವ್ವನಿಗೆ ಫೋನು ಮಾಡಿದ. ಅವಳು ಆಗ ಎರಡನೆಯ ಮಹಡಿಯ ಸ್ಲ್ಯಾಬಿಗೆ ನೀರು ಹೊಡೆಯುತ್ತಿದ್ದಳು.

“ನಾಳೆ ಅಮಾಸಿ. ಹೊತ್ತು ನೆತ್ತಿಗೇರೂದ್ರಾಗ ಗುರ್ಜಿ ಹೊರಬೇಕು ನೋಡು ಯವ್ವಾ” ಎಂದ ನಾನಪ್ಪ.

“ನಾಳೆ ಅಂದ್ರ ಹೆಂಗ್ರಿ ಕಾಕಾ? ಇರೂದು ರಾತ್ರಿ ಬಸ್ಸು, ಊರು ಮುಟ್ಟೂದ್ರಾಗ ಮಧ್ಯಾಹ್ನ ಆಗತೈತಿ. ಇಲ್ಲಿ ನಿನ್ನೆ ಸ್ಲ್ಯಾಬ್ ಹಾಕ್ಯಾರ.”

“ಅದು ನಿನ್ನ ಪಾಡು. ಗೋವಾಕ್ಕ ಹೋಗು ಅಂತ ನಾವೇನು ಹೇಳಿದ್ವೇನು?”

ನಂತರ ಷರತ್ತು ಹೇಳಿದ. ಅವಳು ಹೊತ್ತು, ಎಂಟು ದಿನದೊಳಗೆ ಮಳೆಯಾದರೆ ಗುರ್ಜಿಯ ಹಕ್ಕು ಅವಳದೇ. ಹೊರದಿದ್ದರೆ, ಅಥವಾ ಹೊತ್ತೂ ಮಳೆಯಾಗದಿದ್ದರೆ, ಹಕ್ಕು ಕಾಯಂ ಆಗಿ ಜಯಶ್ರೀಗೆ ಹೋಗುತ್ತದೆ. ಕಮಿಟಿಯ ಠರಾವು ಪುಸ್ತಕದಲ್ಲಿ ಬರೆದು ಸಹಿ ಮಾಡಿಸುತ್ತಾರೆ. ಮೂರು ಸಲ ಸೋತವಳಿಗೆ ಬಹುಮಾನ ಯಾಕೆ ಎಂದು ಚಂದವ್ವ ಕೇಳಿದಳು. ಅವಳು ಊರಲ್ಲಿದ್ದಾಳಲ್ಲ ಎಂದ ನಾನಪ್ಪ.

ಸಂಜೆ ಖೋಲಿಯಲ್ಲಿ ದಾರಿ ತೋರಿಸಿದ್ದು ಸೊಸೆ ಶ್ವೇತಾ. ವೆರ್ಣಾದ ಔಷಧ ಕಾರ್ಖಾನೆಯಲ್ಲಿ ಗುಳಿಗೆ ಡಬ್ಬಿಗೆ ತುಂಬುವ ಕೆಲಸ ಅವಳದು. ಯಾವ ಸಂಗತಿಯನ್ನೂ ಡಬ್ಬಿಯ ಅಳತೆಗೆ ಇಳಿಸಬಲ್ಲವಳು. “ವಿಡಿಯೋ ಕಾಲ್ ಮಾಡೂಣು ಬಿಡ್ರಿ ಅತ್ತಿ. ನಮ್ಮ ಅಕ್ಕನ ಸೀಮಂತ ನಾ ಹಂಗ ನೋಡೀನಿ” ಎಂದಳು. ಕಮಿಟಿ ತಾಸು ಹೊತ್ತು ಚರ್ಚೆ ಮಾಡಿ ಒಪ್ಪಿತು. ಗುರ್ಜಿ ಹಿರೇಸೊಸೆಯ ತಲೆಯ ಮೇಲಿರಬೇಕು ಎಂದು ಪದ್ಧತಿ ಹೇಳುತ್ತದೆ, ಆ ತಲೆ ಯಾವ ರಾಜ್ಯದಲ್ಲಿರಬೇಕು ಎಂದು ಹೇಳುವುದಿಲ್ಲ. ಇಷ್ಟು ಸೂಕ್ಷ್ಮವಾದ ವ್ಯಾಖ್ಯಾನವನ್ನು ನಾನು ವಿಶ್ವವಿದ್ಯಾಲಯಗಳಲ್ಲೂ ಹೆಚ್ಚು ಕೇಳಿಲ್ಲ.

ಮರುದಿನ ಬೆಳಿಗ್ಗೆ ಸ್ಲ್ಯಾಬಿನ ಮೊದಲ ಸ್ನಾನ ಮುಗಿಸಿ ಚಂದವ್ವ ಖೋಲಿಗೆ ಬಂದಳು. ಸೇತುವೆಯ ಕೆಳಗೆ ಮಲಗಿದ್ದ ಬೀಡಾಡಿ ದನಗಳಿಂದ ಸಗಣಿ ಸಿಕ್ಕಿತು. ಗರಿಕೆಗಾಗಿ ರಸ್ತೆ ಕೂಡುವಲ್ಲಿನ ಸರ್ಕಾರಿ ಹುಲ್ಲುಹಾಸಿಗೆ ಹೋಗಬೇಕಾಯಿತು. ಅಲ್ಲಿಯೂ ನೀರು ಕಾರಂಜಿಯಂತೆ ಚಿಮ್ಮುತ್ತಿತ್ತು. ಸಿಂಬಿ ಸುತ್ತಿ, ಹಂಚು ಇಟ್ಟು, ಗೊಂಬೆ ಕೂರಿಸಿ ಅವಳು ಎದ್ದು ನಿಂತಾಗ ಮುನ್ನೂರು ಕಿಲೋಮೀಟರು ಆಚೆ ಬಸವಣ್ಣನ ಗುಡಿಯ ಕಂಬಕ್ಕೆ ಟವೆಲಿನಿಂದ ಕಟ್ಟಿದ ಫೋನಿನ ಮುಂದೆ ಅರವತ್ತು ಜನ ಕೂತಿದ್ದರು. ಇಲ್ಲಿ ಶ್ವೇತಾ ಫೋನು ಹಿಡಿದು ಹಿಂದೆ ಹಿಂದೆ ನಡೆದಳು. ನಾನಪ್ಪ ಅಲ್ಲಿಂದಲೇ, ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಮುಖ ಕಾಣವಲ್ದು ಎಂದು ಅಪ್ಪಣೆ ಕೊಡುತ್ತಿದ್ದ.

ಐದು ಮನೆಯ ನೀರು ಬೀಳಬೇಕು. ನೀರು ಒಲೆಯಿರುವ ಮನೆಯದಾಗಿರಬೇಕು, ಹಾಗಾಗಿ ಟ್ಯಾಂಕರಿನದು ನಡೆಯದು. ನಳ ಬಂದು ನಾಲ್ಕು ದಿನವಾಗಿತ್ತು. ಮೊದಲನೆಯ ಖೋಲಿಯವಳು ಒಂದು ಚೊಂಬು ಕೊಟ್ಟಳು, ಮುಖ ಮಾತ್ರ ಕೊಡವೊಂದನ್ನು ದಾನ ಮಾಡಿದವಳಂತಿತ್ತು. ಎರಡನೆಯವಳು ಅಕ್ಕಿ ತೊಳೆದ ನೀರು ಸುರಿದಳು. ಮೂರನೆಯ ಮನೆಯಿಂದ ಅರ್ಧ ಬಾಟಲಿ ಕುಡಿಯುವ ನೀರು ಬಂತು, ಬಾಟಲಿಯ ಮುಚ್ಚಳ ಒತ್ತಿ ಹಿಡಿದು ಹನಿ ಹನಿಯಾಗಿ. ನಾಲ್ಕನೆಯವಳು ಧಾರಾಳವಾಗಿ ಸುರಿದಳು, ಆದರೆ ಕೆಳಗೆ ಪರಾತ ಹಿಡಿದು ಅಷ್ಟನ್ನೂ ವಾಪಸು ತೆಗೆದುಕೊಂಡಳು. ತಿರುಗಬೇಡ, ಚೆಲ್ಲುತ್ತದೆ ಎಂದು ಬೇರೆ ಹೇಳಿದಳು.

ಐದನೆಯದು ಜಹಾಂಗೀರನ ಖೋಲಿ. ತಾಳಿಕೋಟೆ ಕಡೆಯವನು, ಮೀನು ಮಾರುವವರಿಗೆ ಟೆಂಪೋದಲ್ಲಿ ಐಸು ತಂದು ಹಾಕುತ್ತಾನೆ. ಹೆಂಡತಿ ಖುರ್ಷಿದಾಬೇಗಂ ತವರಿಗೆ ಹೋಗಿದ್ದರಿಂದ ಮನೆಯಲ್ಲಿ ಯಾರೂ ನೀರು ಹಿಡಿದಿಟ್ಟಿರಲಿಲ್ಲ. ಕೊಡ ಬೋರಲು ಬಿದ್ದಿತ್ತು. ಆದರೆ ಬಾಗಿಲಿನ ಪಕ್ಕ ಬೆಳಗಿನ ಐಸಿನ ಪೆಟ್ಟಿಗೆ ಇತ್ತು, ತಳದಲ್ಲಿ ಕರಗಿದ ನೀರಿತ್ತು. ಮೀನು ಮುಟ್ಟದ ಪೆಟ್ಟಿಗೆ ಎಂದು ಅವನು ಆಣೆ ಹಾಕಿದ. ಬಿಸಿಲು ನೆತ್ತಿಗೆ ಹತ್ತಿರ ಬರುತ್ತಿತ್ತು. ಆಚೆಯಿಂದ ನಾನಪ್ಪ ಲಗೂನ ಮುಗಿಸ್ರಿ, ಬ್ಯಾಟರಿ ಹೋಗಾಕತ್ತೈತಿ ಎನ್ನುತ್ತಿದ್ದ.

“ಇದೂ ನೀರ ಅಲ್ರೀ ಚಂದವ್ವಕ್ಕಾ” ಎಂದ ಜಹಾಂಗೀರ. “ಸ್ವಲ್ಪ ಗಟ್ಟಿ ಐತಿ, ಅಷ್ಟ.”

ಪೆಟ್ಟಿಗೆ ಎತ್ತಿ ಬಗ್ಗಿಸಿದ. ನೀರಿನ ಜೊತೆ ಅರ್ಧ ಕರಗಿದ ಐಸಿನ ತುಂಡುಗಳು ಕಬ್ಬಿಣದ ಹಂಚಿನ ಮೇಲೆ ಗಡಗಡನೆ ಬಿದ್ದವು. ಗುರ್ಜಿಯ ತಲೆ ಹಾರಿಹೋಯಿತು. ಚಂದವ್ವ ಕಣ್ಣು ಮುಚ್ಚಿಕೊಂಡು ತಿರುಗಿದಳು. ಐಸು ನಾಲ್ಕೂ ದಿಕ್ಕಿಗೆ ಹಾರಿತು. ಇಲ್ಲಿಯ ಮಕ್ಕಳು ಆರಿಸಿಕೊಂಡು ತಿಂದವು, ಅಲ್ಲಿಯ ಅರವತ್ತು ಜನ ನಕ್ಕರು. ಆಗ ಯಾರೂ ತಕರಾರು ಮಾಡಲಿಲ್ಲ ಎಂಬುದನ್ನು ಓದುಗರು ಗಮನದಲ್ಲಿಡಬೇಕು.

ಮೂರನೆಯ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಹಾಲಗುಂಡಿಯಲ್ಲಿ ಮಳೆಯಾಯಿತು.

ಮೊದಲು ಧೂಳು ಎದ್ದಿತಂತೆ, ನಂತರ ಪಶ್ಚಿಮದ ಆಕಾಶ ಹಂಚಿನ ಬೆನ್ನಿನಂತೆ ಕಪ್ಪಾಯಿತಂತೆ. ಮೊದಲ ದಪ್ಪ ಹನಿಗಳು ಬಿದ್ದಾಗ ಜನ ಮನೆಯೊಳಗಿಂದ ಹೊರಗೆ ಓಡಿದರು. ಸಾಮಾನ್ಯವಾಗಿ ಮಳೆ ಬಂದರೆ ಮನುಷ್ಯರು ಒಳಗೆ ಓಡುತ್ತಾರೆ; ಎರಡು ವರ್ಷದ ಬರ ಈ ಅಭ್ಯಾಸವನ್ನು ಬಿಡಿಸಿತ್ತು. ಹೊರಗೆ ಬಂದವರ ಮೇಲೆ ಆಲಿಕಲ್ಲು ಬಿತ್ತು. ಲಿಂಬೆಹಣ್ಣಿನ ಗಾತ್ರದವು. ಆದರೂ ಯಾರೂ ಒಳಗೆ ಹೋಗಲಿಲ್ಲ. ಮುದುಕರು ತಲೆಗೆ ಟವೆಲು ಮಡಿಸಿಟ್ಟುಕೊಂಡರು, ಹೆಂಗಸರು ಮೊರ ಹಿಡಿದರು, ಒಬ್ಬ ಹೆಲ್ಮೆಟ್ ಹಾಕಿಕೊಂಡು ಬಂದು ಕುಣಿದ. ಬೈಕಿನ ಮೇಲೆ ಕೂತಾಗ ಆ ಹೆಲ್ಮೆಟ್ಟು ಅವನ ತಲೆಯ ಮೇಲೆ ಕಂಡದ್ದು ಯಾರಿಗೂ ನೆನಪಿಲ್ಲ. ಕೊಡ, ಬಕೆಟ್ಟು, ಕಡಾಯಿ, ಮಗುವಿನ ತೊಟ್ಟಿಲು ಎಲ್ಲದರಲ್ಲೂ ಆಲಿಕಲ್ಲು ತುಂಬಿಕೊಂಡರು. ಏಟು ತಿಂದವರು ಏಟಿನ ಗುರುತನ್ನು ಒಬ್ಬರಿಗೊಬ್ಬರು ಪ್ರಸಾದದಂತೆ ತೋರಿಸಿದರು. ಒಂದೂವರೆ ತಾಸಿನಲ್ಲಿ ಹೊಂಡ ಅರ್ಧ ತುಂಬಿತು. ಕ್ರಿಕೆಟ್ಟಿನ ಮೂರು ಕೋಲು ತೇಲಿದವು.

ಅಂದು ಸಂಜೆ ಕೊರ್ತಾಲಿಮ್‌ನ ಹನ್ನೆರಡು ಖೋಲಿಗಳ ಮುಂದೆಯೂ ಹಬ್ಬ. ಎಲ್ಲರೂ ಒಂದೇ ಫೋನಿನಲ್ಲಿ ಹಾಲಗುಂಡಿಯ ಮಳೆ ನೋಡಿದರು, ಚಂದವ್ವನ ಹಣೆಗೆ ಭಂಡಾರ ಹಚ್ಚಿದರು. ಮಿರ್ಚಿ ಭಜಿ ಕರಿದದ್ದಾಯಿತು. ಚಹಾಕ್ಕೆ ನೀರು ಸಾಲದೆ ನಾಲ್ಕನೆಯ ಖೋಲಿಯವಳ ಪರಾತದ ನೀರನ್ನು ಸೋಸಿ ಕಾಸಬೇಕಾಯಿತು. ಗೋವಾದ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ನಮ್ಮ ಮನೆಯ ನೀರು ಸುರಿದು ಆ ಊರಿಗೆ ಮಳೆ ಕಳಿಸಿದಳು ಎಂದು ಎರಡನೆಯ ಖೋಲಿಯವಳು ಗೊಣಗಿದಳು. ಅಕ್ಕಿ ತೊಳೆದ ನೀರಿಗೆ ಇನ್ನೆಷ್ಟು ಬರಬೇಕಿತ್ತು ಎಂದು ಶ್ವೇತಾ ಕೇಳಿದ ಮೇಲೆ ಸುಮ್ಮನಾದಳು.

ಹಾಲಗುಂಡಿಯಲ್ಲಿ ಮರುದಿನ ಬೆಳಗಾದದ್ದೇ ತಡ, ಮಳೆಗೆ ಮಾಲೀಕರು ಹುಟ್ಟಿಕೊಂಡರು. ಗುಡಿಯ ಭಜನಾ ಮಂಡಳಿ ತನ್ನ ಏಳು ದಿನದ ಭಜನೆಯ ಫಲ ಎಂದಿತು. ಹೋಮ ಮಾಡಿಸಿದ ಪುರೋಹಿತ, ಹೊಗೆ ಮೇಲೆ ಹೋಗಿದ್ದನ್ನು ಎಲ್ಲರೂ ನೋಡಿದ್ದೀರಿ ಎಂದ. ಒಬ್ಬ ಮರಿ ನಾಯಕ, ವರುಣನನ್ನು ಕರೆತಂದ ತನ್ನ ಧಣಿಗೆ ಅಭಿನಂದನೆ ಎಂಬ ಬ್ಯಾನರನ್ನು ಹತ್ತು ಗಂಟೆಯೊಳಗೆ ಕಟ್ಟಿಸಿದ. ಅಷ್ಟು ಬೇಗ ಮುದ್ರಣವಾಯಿತೆಂದರೆ ಮೊದಲೇ ಮಾಡಿಸಿಟ್ಟಿದ್ದನೆಂದೇ ಅರ್ಥ. ಜಯಶ್ರೀಯ ವಾದ ಎಲ್ಲಕ್ಕಿಂತ ಚತುರವಾಗಿತ್ತು: ತಾನು ಹೊತ್ತ ಮೂರು ಗುರ್ಜಿಯ ಮಳೆ ತಡವಾಗಿ ಈಗ ಒಟ್ಟಿಗೆ ಬಂದಿದೆ, ಅದಕ್ಕೇ ಇಷ್ಟು ಜೋರು. ಎಂಟು ದಿನದೊಳಗೆ ಮಳೆಯಾಯಿತಲ್ಲ, ಷರತ್ತಿನ ಪ್ರಕಾರ ಹಕ್ಕು ಚಂದವ್ವನದಲ್ಲವೇ ಎಂದು ಯಾರೋ ಕೇಳಿದಾಗ ನಾನಪ್ಪ ನೋಡೋಣ ಎಂದ.

ಮಧ್ಯಾಹ್ನದ ಹೊತ್ತಿಗೆ ಆಲಿಕಲ್ಲು ಪೂರ್ತಿ ಕರಗಿ, ಅದು ಮಾಡಿದ ಕೆಲಸ ಕಾಣತೊಡಗಿತು. ನಲವತ್ತು ಮನೆಗಳ ಸಿಮೆಂಟ್ ಶೀಟು ತೂತಾಗಿದ್ದವು. ಲಿಂಬೆ ಗಿಡದಡಿ ಕಾಯಿಯ ಹಾಸಿಗೆ ಬಿದ್ದಿತ್ತು. ಪಂಚಾಯಿತಿಯ ಸೌರದೀಪದ ಗಾಜು ಪುಡಿ. ನಾನಪ್ಪನ ಪಡಸಾಲೆಯ ಶೀಟು ಎರಡು ಕಡೆ ಒಡೆದು, ಮಳೆ ನಿಂತ ಮೇಲೂ ಅವನ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಹಿಂದಿನ ದಿನ ಇದೇ ಕಲ್ಲನ್ನು ತೊಟ್ಟಿಲಲ್ಲಿ ಇಟ್ಟು ತೂಗಿದವರು ಈಗ ಇದು ಯಾರ ಕೆಲಸ ಎಂದು ಕೇಳಿದರು. ಭಜನೆಯಲ್ಲಿ ಕಲ್ಲಿನ ಮಾತೇ ಇಲ್ಲ ಎಂದಿತು ಮಂಡಳಿ. ಪುರೋಹಿತನ ಮಂತ್ರದಲ್ಲೂ ಇರಲಿಲ್ಲ.

ಆಗ ಯಾರೋ ಅಮಾವಾಸ್ಯೆಯ ದಿನ ತಮ್ಮ ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ ವಿಡಿಯೋ ಹಚ್ಚಿದರು. ಹಂಚಿನ ಮೇಲೆ ಐಸು ಗಡಗಡ ಬೀಳುವುದನ್ನು ಮೂರು ಸಲ ಹಿಂದೆ ಮುಂದೆ ಓಡಿಸಿ ನೋಡಿದರು. ಗುರ್ಜಿಯ ಮೇಲೆ ಏನು ಬೀಳುತ್ತದೋ ಊರಿನ ಮೇಲೆ ಅದೇ ಬೀಳುತ್ತದೆ. ಇದರಲ್ಲಿ ಅನುಮಾನಕ್ಕೆ ಎಡೆಯೆಲ್ಲಿ? ಐಸು ಸುರಿದವನ ಜಾತಿ ಹಿಡಿದು ಒಬ್ಬ ಮಾತು ತೆಗೆದ. ಆದರೆ ಮಳೆಗಾಗಿ ಊರ ದರ್ಗಾಕ್ಕೂ ಚಾದರ ಹೊದಿಸಿದ್ದರಿಂದ ಆ ಮಾತು ದೂರ ಹೋಗಲಿಲ್ಲ. ಸಂಜೆಗೆ ಕಮಿಟಿ ತೀರ್ಮಾನಕ್ಕೆ ಬಂತು. ಮಳೆ ಊರಿನ ಭಕ್ತಿಯಿಂದ ಬಂದದ್ದು. ಆಲಿಕಲ್ಲು ಗೋವಾದಿಂದ ಬಂದದ್ದು.

ನಾನಪ್ಪ ಫೋನು ಮಾಡಿ ಇದನ್ನು ತಿಳಿಸಿದ. ಚಂದವ್ವ ಕಮಿಟಿಯ ಮುಂದೆ ತಪ್ಪು ಒಪ್ಪಿ ಹಕ್ಕು ಬಿಟ್ಟುಕೊಡಬೇಕು. ಬಾರದಿದ್ದರೆ ಅವಳಿಲ್ಲದೆಯೇ ಬರೆಯುತ್ತಾರೆ. ಅವಳು ಸ್ಲ್ಯಾಬಿಗೆ ಇನ್ನು ಐದು ದಿನ ನೀರು ಬೇಕು, ಆಮೇಲೆ ಬರುತ್ತೇನೆ ಎಂದಳು. ಐದು ದಿನವೂ ದಿನಕ್ಕೆ ಮೂರು ಸಲ ನೆನೆಸಿದಳು. ಜಹಾಂಗೀರ ಬಂದು, ತಾನೂ ಬರುತ್ತೇನೆ, ತಪ್ಪು ತನ್ನದು ಎಂದ. ಅವಳು ಬೇಡವೆಂದಳು. “ನೀ ಬಂದ್ರ ಎಲ್ಲಾರೂ ನಿನ್ನ ನೋಡ್ತಾರ. ನನ್ನ ಮಾತು ಯಾರ ಕೇಳ್ತಾರ?”

ಈ ಸಂಗತಿಯನ್ನು ಚಂದವ್ವ ನನಗೆ ಮೂರು ಸಲ ಹೇಳಿದ್ದಾಳೆ. ಮೂರು ಸಲವೂ ಒಂದೇ ರೀತಿ ಹೇಳಿದ್ದರಿಂದ ಮುಂದಿನದನ್ನು ನಂಬಿ ಬರೆಯುತ್ತಿದ್ದೇನೆ. ಶ್ವೇತಾ ಜೊತೆಯಲ್ಲಿದ್ದಳು, ಅವಳು ಹೇಳುವುದೂ ಬೇರೆಯಲ್ಲ.

ಮಡಗಾಂವ್‌ನಿಂದ ಬಸ್ಸು ಹಿಡಿದು ಅತ್ತೆ ಸೊಸೆ ಹಾಲಗುಂಡಿ ಮುಟ್ಟಿದಾಗ ಮಧ್ಯಾಹ್ನ ಹನ್ನೆರಡು ಗಂಟೆ. ಗುಡಿಯ ಕಟ್ಟೆಯ ಮೇಲೆ ಕಮಿಟಿಯ ಐದು ಜನ, ಕೆಳಗೆ ಶೀಟು ಒಡೆದ ನಲವತ್ತು ಮನೆಯವರು, ಬೇವಿನ ಮರದಡಿ ಹೆಂಗಸರು. ಜಯಶ್ರೀ ಹೊಸ ಸೀರೆ ಉಟ್ಟು ಮುಂದೆ ಕೂತಿದ್ದಳು. ಪ್ರಯಾಣ ಹೇಗಾಯಿತು ಎಂದು ಯಾರೂ ಕೇಳಲಿಲ್ಲ. ನಾನಪ್ಪ ಠರಾವು ಪುಸ್ತಕ ತೆರೆದು, ಮೊದಲೇ ಬರೆದಿಟ್ಟಿದ್ದನ್ನು ಓದಿದ: ಐಸು ಸುರಿದು ಪದ್ಧತಿ ಕೆಡಿಸಿದ್ದರಿಂದ ಆಲಿಕಲ್ಲು ಬಿತ್ತು, ಅದಕ್ಕೆ ಚಂದವ್ವ ಜವಾಬ್ದಾರಳು, ಮಳೆ ಊರವರೆಲ್ಲರ ಭಕ್ತಿಯಿಂದ, ವಿಶೇಷವಾಗಿ ಜಯಶ್ರೀಯ ಮೂರು ಗುರ್ಜಿಯಿಂದ ಬಂತು, ಆದ್ದರಿಂದ ಹಕ್ಕು ಇನ್ನು ಮುಂದೆ ಅವಳದು.

ಚಂದವ್ವ ನಿಂತುಕೊಂಡೇ ಕೇಳಿದಳು. ಓದು ಮುಗಿದ ಮೇಲೆ ನೆಗೆಣ್ಣಿಯ ಕಡೆ ತಿರುಗಿದಳು.

“ಮಳಿ ನಿಂದೇನು ಜಯಶ್ರೀ?”

“ಹೌದ್ರಿ ಅಕ್ಕಾರ. ಮೂರ ಸಲ ಹೊತ್ತೀನಿ.”

“ಎಲ್ಲಾ ಮಳಿ?”

“ಎಲ್ಲಾನೂ.”

“ಹಂಗಾರ ಆಲಿಕಲ್ಲೂ ತಗೋ. ಎರಡೂ ಒಂದ ಮೋಡದಾಗ ಬಂದಾವು. ಮೋಡ ಹರದು ಅರ್ಧ ನಿನಗ, ಅರ್ಧ ನನಗ ಅಂತ ಹಂಚಿಕೊಳ್ಳಾಕ ಅದೇನು ಮಾವ ಬಿಟ್ಟುಹೋದ ಮನಿ ಅಲ್ಲ.”

ಮನೆಯ ಮಾತು ಬಂದದ್ದರಿಂದ ಹುಲಿಗೆಪ್ಪ ಕೊಟ್ಟಿಗೆಯ ದಿಕ್ಕಿಗೆ ನೋಡಿದ. ಜಯಶ್ರೀ ತಲೆ ಎತ್ತಿ ಶೀಟು ಒಡೆದ ನಲವತ್ತು ಮನೆಯವರನ್ನು ನೋಡಿದಳು. ಅವರೂ ಅವಳನ್ನೇ ನೋಡುತ್ತಿದ್ದರು, ಮತ್ತು ಹೊಸ ಸೀರೆಯನ್ನು ಕೂಡ. ಅವಳ ಪಕ್ಕದ ಮನೆಯವಳು, ಹಂಗಾರ ನಮ್ಮ ಶೀಟು ಯಾವಾಗ ಹಾಕಿಸಿ ಕೊಡ್ತಿ ಎಂದು ಅಲ್ಲಿಯೇ ಕೇಳಿದಳು. ಜಯಶ್ರೀ, ತಾನು ಹೊತ್ತ ಗುರ್ಜಿಯ ಮಳೆ ಬಹುಶಃ ಇನ್ನೂ ಬರಬೇಕಾಗಿದೆ ಎಂದಳು.

ಚಂದವ್ವ ಭಜನಾ ಮಂಡಳಿಯ ಕಡೆ ನೋಡಿದಳು. ಅವರು ಹಾಡಿದ್ದು ಮನಶ್ಶಾಂತಿಗಾಗಿ ಎಂದರು. ಪುರೋಹಿತನಿಗೆ ಪಕ್ಕದೂರಿನಲ್ಲಿ ಗೃಹಪ್ರವೇಶವಿತ್ತು, ಎದ್ದು ಹೋದ. ಮರಿ ನಾಯಕ ಯಾವಾಗಲೋ ಬ್ಯಾನರಿನ ಹಗ್ಗ ಬಿಚ್ಚತೊಡಗಿದ್ದ. ಅದರ ಮೇಲಿದ್ದ ಧಣಿಯ ಮುಖ ಮೂಗಿನ ತನಕ ಮಡಿಚಿಕೊಂಡಿತ್ತು. ಐದು ನಿಮಿಷದಲ್ಲಿ ಹಾಲಗುಂಡಿಯ ಮಳೆ ತಬ್ಬಲಿಯಾಯಿತು.

“ಯಾರಿಗೂ ಬ್ಯಾಡಾದ್ರ ಎರಡೂ ನಂದ” ಎಂದಳು ಚಂದವ್ವ. “ಮಳಿನೂ ನಂದ, ಕಲ್ಲೂ ನಂದ. ಜಹಾಂಗೀರಗ ಸುರೀ ಅಂತ ತಲಿ ಕೊಟ್ಟಾಕಿ ನಾನು.”

ಕೆಳಗಿದ್ದವರಲ್ಲಿ ಒಬ್ಬ ಎದ್ದು, ಒಪ್ಪಿಕೊಂಡದ್ದು ಒಳ್ಳೆಯದಾಯಿತು, ಹಾಗಾದರೆ ನಮ್ಮ ಶೀಟಿಗೆ ಯಾರು ಹೊಣೆ ಎಂದ. ಇನ್ನೂ ನಾಲ್ಕೈದು ಜನ ದನಿಗೂಡಿಸಿದರು. ಅತ್ತೆ ಕಲ್ಲನ್ನು ಒಪ್ಪಿಕೊಂಡು ಸಿಕ್ಕಿಬಿದ್ದಳು ಎಂದುಕೊಂಡಳಂತೆ ಶ್ವೇತಾ.

“ಕೊಡ್ತೀನ್ರೀ” ಎಂದಳು ಚಂದವ್ವ. “ನಿಮ್ದು ನಾ ಕೊಡ್ತೀನಿ, ನಂದು ನೀವು ಕೊಡ್ರಿ. ಶೀಟ್ ಬೇಕಾದವರು ಹೊಂಡಕ್ಕ ಹೋಗ್ರಿ, ನಿಮ್ಮ ಪಾಲಿನ ನೀರು ತುಂಬಿ ತಂದು ಇಲ್ಲಿ ನನ್ನ ಮುಂದ ಇಡ್ರಿ. ನಾ ಗೋವಾಕ್ಕ ಒಯ್ತೀನಿ. ನಮ್ಮ ಕಡೆ ನಳ ಬಂದು ವಾರಾತು.”

ಎದ್ದವನು ಸುತ್ತ ನೋಡಿ ಕೂತ. ಅವನ ಹೆಂಡತಿ ಬೇವಿನ ಮರದಡಿಯಿಂದ, ಶೀಟಿಗೆ ತಾಡಪತ್ರಿ ಹೊದಿಸಿದರಾಯಿತು, ಹೊಂಡಕ್ಕೆ ಏನು ಹೊದಿಸುತ್ತೀ ಎಂದು ಗಂಡನಿಗೆ ಕೇಳಿಸುವಂತೆಯೇ ಬೈದಳು. ಆಮೇಲೆ ಯಾರೂ ಶೀಟಿನ ಮಾತು ಎತ್ತಲಿಲ್ಲ. ನಾನಪ್ಪನೂ ತನ್ನ ಹಾಸಿಗೆಯ ಮೇಲೆ ತೊಟ್ಟಿಕ್ಕುವ ಮಾತು ಬಿಟ್ಟು ಪೆನ್ನಿನ ಮುಚ್ಚಳ ತೆಗೆದ.

ಕಮಿಟಿ ಮತ್ತೆ ತಲೆ ಕೂಡಿಸಿತು. ಬೇರೆ ದಾರಿಯಿರಲಿಲ್ಲ. ಹಕ್ಕು ಬೇಕೆಂದವಳು ಹಿಂದೆ ಸರಿದಿದ್ದಳು, ಬೇರೆ ಯಾರನ್ನು ಕೇಳಿದರೂ ಮೊದಲು ಶೀಟಿನ ಮಾತು ಬರುತ್ತಿತ್ತು. ನಾನಪ್ಪ ಹಳೆಯ ಠರಾವಿನ ಮೇಲೆ ಅಡ್ಡಗೆರೆ ಎಳೆದು ಹೊಸದನ್ನು ಬರೆದ. ಗುರ್ಜಿ ಹೊರುವ ಹಕ್ಕು ಮೊದಲಿನಂತೆ ಹಿರೇಸೊಸೆ ಚಂದವ್ವ ಸೋಮಲಪ್ಪನವರದು. ಇನ್ನು ಮುಂದೆ ಕೊಡದ ನೀರು ಮಾತ್ರ. ಐಸು, ಫ್ರಿಜ್ಜಿನ ನೀರು, ಶರಬತ್ತು ಇತ್ಯಾದಿ ನಿಷಿದ್ಧ. ಶರಬತ್ತಿನ ಅಪಾಯ ಏನೆಂದು ಅವರಲ್ಲಿ ಯಾರು ಯೋಚಿಸಿದರೋ ತಿಳಿಯದು. ಅಮಾವಾಸ್ಯೆಯ ಗುರ್ಜಿಯಿಂದ ಮೂರನೆಯ ದಿನ ಮಳೆಯಾಯಿತು ಎಂದು ಬರೆದು, ಪುಸ್ತಕವನ್ನು ಸಹಿಗಾಗಿ ಅವಳ ಮುಂದೆ ಹಿಡಿದ. ಚಂದವ್ವನಿಗೆ ಓದು ಬಾರದು. ಶ್ವೇತಾ ಓದಿ ಹೇಳಿದಳು.

“ಆಲಿಕಲ್ಲ ಎಲ್ಲಿ?” ಎಂದು ಕೇಳಿದಳು ಚಂದವ್ವ.

ಎಲ್ಲವೂ ಮುಗಿಯಿತಲ್ಲ, ಅದನ್ನು ಯಾಕೆ ಬರೆಯಬೇಕು, ನಿನಗೇ ಕೆಟ್ಟ ಹೆಸರು ಎಂದ ನಾನಪ್ಪ.

“ಬರೀರಿ ಕಾಕಾ. ಮಳಿ ತಂದಾಕಿ ಅಂತ ಬರದ್ರ ಮುಂದಿನ ವರ್ಷಕ್ಕ ಮರೀತೀರಿ. ಕಲ್ಲು ತಂದಾಕಿ ಅಂತ ಬರದ್ರ ಮರಿಯಂಗಿಲ್ಲ.”

ನಾನಪ್ಪ ‘ಮಳೆ’ ಎಂಬ ಮಾತಿನ ಮೇಲೆ, ಸಾಲಿನ ನಡುವಿನ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ ‘ಆಲಿಕಲ್ಲು ಸಹಿತ’ ಎಂದು ಸೇರಿಸಿದ. ಚಂದವ್ವ ದೊಡ್ಡದಾಗಿ ಬರೆಯಲು ಹೇಳಿದಳು. ಅವನು ಅಕ್ಷರಗಳ ಮೇಲೆ ಮತ್ತೊಮ್ಮೆ ಪೆನ್ನು ಒತ್ತಿ ದಪ್ಪ ಮಾಡಿದ. ಅವಳು ಹೆಬ್ಬೆಟ್ಟು ಒತ್ತಿದಳು.

ಊಟದ ಹೊತ್ತಿಗೆ ಕಟ್ಟೆಯ ಮೇಲೆ ಗಂಡಸರ ಸಾಲಿನಲ್ಲಿ ಮೊದಲ ಎಲೆ ಹಾಕಿದರು. ಎರಡನೆಯ ಎಲೆಗೂ ಅವಳ ಎಲೆಗೂ ನಡುವೆ ಸಾಮಾನ್ಯಕ್ಕಿಂತ ಒಂದು ಮೊಳ ಹೆಚ್ಚು ಜಾಗ ಬಿಟ್ಟಿದ್ದರು. ಬಡಿಸುವವನು ಅವಳ ಹತ್ತಿರ ಬಂದಾಗ ಒಮ್ಮೆ ಮೇಲೆ ಆಕಾಶ ನೋಡಿ, ಚಂದವ್ವ ಸೋಮಲಪ್ಪನವರ, ಹುಗ್ಗಿಗೆ ತುಪ್ಪ ಇನ್ನೊಂದೀಟು ಹಾಕಲೇನ್ರಿ ಎಂದು ವಿಚಾರಿಸಿದ. ಅವಳು ಹಾಕು ಎಂದಳು. ಎರಡು ಸಲ ಹಾಕಿಸಿಕೊಂಡು, ಪೂರ್ತಿ ಉಂಡು, ಕೈ ತೊಳೆದಳು.